ಮಾಸ್ಟರಮ್ಮನ ಕತ್ತರಿ, ಹಲ್ಲಣ್ಣನ ರಿಬ್ಬನ್

ನನ್ನ ಅತ್ತೆ ನಮ್ಮ ಮಗುವಿನ ಉಗುರು ಕತ್ತರಿಸುವಾಗಲೂ ಕೇಳುತ್ತಾರೆ: "ಹಾಕ್ಲಾ?"

ನಾನು ಬಗ್ಗಿ, ಆ ಎಳೆಬೆರಳನ್ನು ಬೆಳಕಿಗೆ ಹಿಡಿದು, ಉಗುರೆಲ್ಲಿ ಚರ್ಮವೆಲ್ಲಿ ಎಂದು ನೋಡಿ "ಹಾಕಿ" ಎನ್ನುವವರೆಗೆ ಅವರ ಕೈ ಅಲುಗುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗಲೂ ಅದೇ ಪ್ರಶ್ನೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಕೂಸನ್ನೇ ಕೇಳುತ್ತಾರೆ. ಅದು ಬಾಯಿ ಬಿಟ್ಟು ನಕ್ಕರೆ ಒಪ್ಪಿಗೆ ಸಿಕ್ಕ ಹಾಗೆ.

ಇದು ಕೆಲಸದಿಂದ ಅಂಟಿದ ಚಾಳಿ. ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಪದರದ ಮೇಲೆ ಪದರ ಬಟ್ಟೆ ಹಾಸಿ, ಮೇಲೆ ನಮೂನೆಯ ಕಾಗದವಿಟ್ಟು, ಎಲ್ಲವನ್ನೂ ಯಂತ್ರದ ಅಲಗಿನಿಂದ ಒಟ್ಟಿಗೆ ಕತ್ತರಿಸುವ ಕೆಲಸ. ಒಂದು ಗೆರೆ ತಪ್ಪಿದರೆ ಅಷ್ಟೂ ಪದರ ಚಿಂದಿ. ಅದಕ್ಕೇ ಕಟರುಗಳಲ್ಲಿ ಒಂದು ಕಟ್ಟಳೆಯಿದೆ. ಮಾಸ್ಟರೇ ಆಗಲಿ, ಇನ್ನೊಬ್ಬ ಕಟರ್ ಬಂದು ಬಟ್ಟೆಯ ಮೇಲೆ ಅಂಗೈ ಸವರಿ "ಹಾಕು" ಎನ್ನದೆ ಅಲಗು ಮುಟ್ಟಿಸುವಂತಿಲ್ಲ. "ಬೇಡ" ಎಂದರೆ ಬೇಡ. ಯಾಕೆ ಎಂಬ ಜಗಳವೆಲ್ಲ ಆಮೇಲೆ.

ಅತ್ತೆ ಸಾಧು ಹೆಂಗಸು ಎಂದು ಯಾರೂ ತಿಳಿಯಬಾರದು. ಅವರು ಪಿಸುಗುಟ್ಟಿದರೆ ಮೂರನೆಯ ಮನೆಗೆ ಕೇಳುತ್ತದೆ. ಬೀದಿಯಲ್ಲಿ ಯಾರಾದರೂ "ಆಂಟಿ" ಎಂದರೆ ತಿರುಗಿ ಕೂಡ ನೋಡುವುದಿಲ್ಲ, "ಮಾಸ್ಟರಮ್ಮ" ಎನ್ನಬೇಕು. ಸಂಜೆ ತಲೆತುಂಬ ನೂಲಿನ ಧೂಳು ಹೊತ್ತು ಬಂದು ನೇರ ಮಗುವನ್ನು ಎತ್ತಿಕೊಳ್ಳುತ್ತಾರೆ. ಕೂಸಿಗೆ ಮೊದಲೇ ಕೆಮ್ಮು. ನಾನು ಟವೆಲ್ ಹಿಡಿದು ಹಿಂದೆ ಹೋಗುತ್ತೇನೆ.

"ಅತ್ತೆ, ತಲೆ ಒಂಚೂರು ಒರೆಸ್ಕೊಳ್ಳಿ ಮೊದಲು."

"ನಿನ್ನ ಗಂಡ ಇದೇ ಧೂಳು ತಿಂದು ಬೆಳೆದೋನು ಕಣೇ. ಕೋಣನ ಹಾಗಿದ್ದಾನಲ್ಲ, ಏನಾಗಿದೆ ಅವನಿಗೆ?"

ಅವರ ಸ್ವಂತ ಕತ್ತರಿ ಗೋಡೆಯ ಮೊಳೆಗೆ ತೂಗುತ್ತದೆ. ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಕಾಗದಕ್ಕಂತೂ ಅದು ತಾಗಲೇಬಾರದು. ಕಾಗದ ಕತ್ತರಿಸಿದರೆ ಬಟ್ಟೆಯ ಕತ್ತರಿ ಸತ್ತ ಹಾಗೆ ಎನ್ನುತ್ತಾರೆ. ಮಗು ಅಂಬೆಗಾಲಿಡಲು ಶುರು ಮಾಡಿದಾಗಿನಿಂದ ನಾನು ಆ ಮೊಳೆಯನ್ನು ಮೇಲಕ್ಕೆ ಮೇಲಕ್ಕೆ ಹೊಡೆಯುತ್ತಿದ್ದೇನೆ. ಗೋಡೆಯೆಲ್ಲ ತೂತು.

ಈ ಮನೆಗೆ ಹಲ್ಲಣ್ಣ ಬಂದದ್ದು ಚುನಾವಣೆಯ ಹೊತ್ತಿಗೆ. ಅವನು ನಮ್ಮ ಭಾಗದ ಅಭ್ಯರ್ಥಿ. ಪೋಸ್ಟರಿನಲ್ಲಿ ಮೊದಲು ಹಲ್ಲು ಕಾಣಿಸುತ್ತದೆ, ಆಮೇಲೆ ಮನುಷ್ಯ ಎಂದು ಅತ್ತೆಯೇ ಇಟ್ಟ ಹೆಸರು. ಆ ಹೊತ್ತಿಗೆ ಕಾರ್ಖಾನೆಯ ಮಾಲೀಕರಿಗೆ ಒಂದು ಉಪಾಯ ಹೊಳೆದಿತ್ತು. ಕಟರುಗಳೆಲ್ಲ 'ಕೌಶಲ ಕೇಂದ್ರ'ಕ್ಕೆ ಸೇರಿ ಹೊಸದಾಗಿ 'ತರಬೇತಿಯವರು' ಆಗಬೇಕಂತೆ. ಮೇಜು ಅದೇ, ಬಟ್ಟೆ ಅದೇ, ಕೆಲಸ ಅದೇ. ಆದರೆ ನುರಿತ ಕೆಲಸಗಾರರಿಗೆ ಕಾನೂನಿನಲ್ಲಿ ದರ್ಜೆಯಿದೆ, ರಜೆಯಿದೆ, ಗಾಯವಾದರೆ ಕೇಳುವವರಿದ್ದಾರೆ. ತರಬೇತಿಯವರಿಗೆ "ನಾಳೆಯಿಂದ ಬರಬೇಡ" ಎಂದರೆ ಕಥೆ ಮುಗಿಯಿತು.

ಪ್ರಯೋಗಕ್ಕೆಂದು ಮೊದಲು ತರಬೇತಿಯವಳಾಗಿ ಬದಲಾಯಿಸಿದ್ದು ಅತ್ತೆಯ ಮೇಜಿನ ಜೊತೆಗಾತಿಯನ್ನು. ಧ್ವನಿ ಸಣ್ಣದೆಂದು ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಾರೆ. ಅತ್ತೆಯ ಬಟ್ಟೆಗೆ "ಹಾಕು" ಎನ್ನುವವಳು ಅವಳೇ. ಆತುರದ ಒಂದು ದಿನ ಯಂತ್ರದ ಅಲಗಿಗೆ ಅವಳ ಬೆರಳ ತುದಿ ಹೋಯಿತು. ಆಸ್ಪತ್ರೆಯ ಬಾಗಿಲಲ್ಲಿ ಮ್ಯಾನೇಜರ್ ಹೇಳಿದ್ದು: "ಕಲಿಯೋ ಹುಡುಗಿ, ಕೈ ಕೊಯ್ಕೊಂಡಿದ್ದಾಳೆ. ನಾವೇನು ಮಾಡೋಕಾಗುತ್ತೆ?" ಆ ಕಲಿಯೋ ಹುಡುಗಿಗೆ ಮೊಮ್ಮಗನಿದ್ದಾನೆ.

ಇದನ್ನೆಲ್ಲ ಅತ್ತೆ ಹಲ್ಲಣ್ಣನ ಮುಂದೆ ಹೇಳಿದರು. ಅವನು ನಮ್ಮ ಕುರ್ಚಿಯಲ್ಲಿ ಕೂತು, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತ, "ಅಯ್ಯೋ ಅಕ್ಕಾ, ನಾನಿರೋವರೆಗೆ ನಿಮ್ಮ ದರ್ಜೆ ಮುಟ್ಟೋಕೆ ಯಾರಿಗೆ ಧೈರ್ಯ?" ಎಂದ. ಆಮೇಲೆ ಹಠಾತ್ತನೆ ನನ್ನ ತೊಡೆಯಿಂದ ಮಗುವನ್ನೆತ್ತಿ, ಜೊತೆಯಲ್ಲಿದ್ದ ಫೋಟೋದವನ ಕಡೆ ತಿರುಗಿ, ಅದರ ಕೆನ್ನೆಗೆ ಲೊಚಕ್ಕನೆ ಮುತ್ತಿಟ್ಟ. ಮಗು ಚಿಟ್ಟನೆ ಚೀರಿತು. ಬೆಳಕು ಸರಿಬರಲಿಲ್ಲವೆಂದು ಫೋಟೋದವನು ಹೇಳಿದ್ದಕ್ಕೆ ಇನ್ನೊಂದು. ಅವರು ಹೋದ ಮೇಲೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಆ ಕೆನ್ನೆಯನ್ನು ಒರೆಸಿದೆ, ಮತ್ತೆ ಒರೆಸಿದೆ. ಬಿಸ್ಕತ್ತಿನ ವಾಸನೆ ಹೋಗಲಿಲ್ಲ. ತಟ್ಟೆಯಲ್ಲಿ ಅವನು ಬಿಟ್ಟ ಅರ್ಧ ತುಂಡು ಊದಿಕೊಂಡು ಬಿದ್ದಿತ್ತು.

ಆದರೂ ಅತ್ತೆ ನಂಬಿದರು. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ವಾರದ ರಜೆಯಲ್ಲಿ ಕಟರುಗಳೆಲ್ಲ ಸೇರಿ ಅವನ ಪಕ್ಷದ ಬಾವುಟ ಕತ್ತರಿಸಿಕೊಟ್ಟರು. ಅಷ್ಟು ಬಾವುಟಕ್ಕೂ ಗುಬ್ಬಿಯೇ, ಬೆರಳಿಗೆ ಪಟ್ಟಿ ಸುತ್ತಿಕೊಂಡು, "ಹಾಕು" ಎಂದಳು. ಹಲ್ಲಣ್ಣ ಗೆದ್ದ.

ಗೆದ್ದವನು ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಬಂದವನು ಕಾರ್ಮಿಕ ಸಂಘದ ಕಾರ್ಯದರ್ಶಿ. ಕಡ್ಡಿಯಿಂದ ಹಲ್ಲು ಕೆದಕುತ್ತ, ಕೆದಕಿದ್ದನ್ನು ನೋಡುತ್ತ ಮಾತಾಡುವ ಮನುಷ್ಯ. ಕೌಶಲ ಕೇಂದ್ರಕ್ಕೆ ಹಲ್ಲಣ್ಣನೇ ಉದ್ಘಾಟನೆಗೆ ಬರುತ್ತಿದ್ದಾನೆ ಎಂದ. ರಿಬ್ಬನ್ ಮಾತ್ರ ಮಾಸ್ಟರಮ್ಮನೇ ಕತ್ತರಿಸಬೇಕಂತೆ.

"ಅದೇ ಕೇಂದ್ರಾನಾ?" ಅತ್ತೆ ಕೇಳಿದರು. "ನಮ್ಮನ್ನೆಲ್ಲ ಕಲಿಯೋರು ಮಾಡೋ ಕೇಂದ್ರಾನಾ?"

"ನಿಮ್ಮನ್ನಲ್ಲಕ್ಕಾ. ನಿಮ್ಮ ದರ್ಜೆ ಹಾಗೇ ಇರುತ್ತೆ, ನೀವು ಅವರ ಮೇಲ್ವಿಚಾರಕಿ. ರಿಬ್ಬನ್ ಕತ್ತರಿಸಿದ ಮೇಲೆ ಮಿಕ್ಕೋರು ಒಳಗೆ ಹೋಗಿ ತರಬೇತಿ ಕಾಗದಕ್ಕೆ ಸಹಿ ಹಾಕ್ತಾರೆ. ನೀವು ಮುಂದೆ ನಿಂತ್ರೆ ಎದುರು ಮಾತಾಡಲ್ಲ."

"ನೀನು ಸಂಘದವನೋ, ಕಾರ್ಖಾನೆಯವನೋ?"

ಅವನು ಕಡ್ಡಿಯನ್ನು ನಮ್ಮ ಹೊಸ್ತಿಲ ಮೇಲೆ ಎಸೆದು ನಕ್ಕ. "ಎರಡೂ ಕಡೆ ಬೇಕಾಗುತ್ತೆ ಅಕ್ಕಾ."

ಆ ಸಂಜೆ ನನ್ನವರು, "ಅಮ್ಮಾ, ಒಪ್ಕೊಂಬಿಡು. ನಿನ್ನದು ಉಳಿಯುತ್ತಲ್ಲ" ಎಂದರು. ಅತ್ತೆ ಮೊಳೆಯಿಂದ ಕತ್ತರಿ ತೆಗೆದು ಎಣ್ಣೆ ಹಚ್ಚುತ್ತ ಕೂತರು. ನನಗೆ ಇನ್ನೂ ಭಯ. ಕೆಲಸ ಹೋದರೆ ಏನು, ಗಲಾಟೆಯಾದರೆ ಏನು, ಪೊಲೀಸರು ಮನೆಗೆ ಬಂದರೆ ಮಗುವನ್ನೆತ್ತಿಕೊಂಡು ಎಲ್ಲಿಗೆ ಹೋಗಲಿ ಎಂದು ನಾನು ಆಗಲೇ ಚೀಲದಲ್ಲಿ ಅದರ ಬಟ್ಟೆ ತುಂಬಿಟ್ಟಿದ್ದೆ.

ಉದ್ಘಾಟನೆಯ ದಿನ ಕಾರ್ಖಾನೆಯ ಅಂಗಳದಲ್ಲಿ ವೇದಿಕೆ. ಮುಂದಿನ ಕುರ್ಚಿಗಳಲ್ಲಿ ಮಾಲೀಕರ ಕಡೆಯವರು, ಹಿಂದೆ ಬಿಸಿಲಿನಲ್ಲಿ ನಿಂತ ಕಟರುಗಳು. ನಾನು ಮಗುವಿನ ಕಿವಿ ಮುಚ್ಚಿಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಹಲ್ಲಣ್ಣ ಭಾಷಣ ಮಾಡಿದ. ನುರಿತ ಕೈಗಳೇ ನಾಡಿನ ಆಸ್ತಿ ಎಂದ. ಗುಬ್ಬಿಯನ್ನು ಹಿಂದಕ್ಕೆ ಸರಿಯುವಂತೆ ಯಾರೋ ಸನ್ನೆ ಮಾಡಿದರು. ಅವಳ ಬೆರಳು ಕ್ಯಾಮೆರಾಕ್ಕೆ ಸಿಗುತ್ತಿತ್ತಂತೆ.

ತಟ್ಟೆಯಲ್ಲಿ ಚಿನ್ನದ ಬಣ್ಣದ ಪುಟ್ಟ ಕತ್ತರಿ ಬಂತು. ಅತ್ತೆ ಅದರ ಅಲಗಿಗೆ ಹೆಬ್ಬೆರಳು ತಾಗಿಸಿ ನೋಡಿ, "ಇದು ಬೆಣ್ಣೇನೂ ಕತ್ತರಿಸಲ್ಲ" ಎಂದರು. ಚೀಲದಿಂದ ತಮ್ಮದನ್ನು ತೆಗೆದರು. ಹಲ್ಲಣ್ಣನಿಗೆ ಖುಷಿಯೋ ಖುಷಿ. "ನೋಡಿ, ಸ್ವಂತ ಕತ್ತರಿ!" ಎಂದು ಅವರ ಹೆಗಲ ಮೇಲೆ ಕೈ ಹಾಕಿ, ಹಲ್ಲು ಬಿಟ್ಟು, ಮೈಕನ್ನು ಅವರ ಬಾಯಿಗೆ ಹಿಡಿದ. ಅತ್ತೆ ರಿಬ್ಬನ್ನಿನ ಮೇಲೆ ಅಂಗೈ ಸವರಿದರು. ಕತ್ತರಿ ತೆರೆದರು. ತೆರೆದವರು ತಲೆಯೆತ್ತಿ ಕೇಳಿಬಿಟ್ಟರು:

"ಹಾಕ್ಲಾ?"

ಬೇಕೆಂದೇ ಕೇಳಿದ್ದಲ್ಲ. ಆಮೇಲೆ ಮನೆಯಲ್ಲಿ ಅವರೇ ಹೇಳಿದರು: "ಮನಸ್ಸಿನಲ್ಲಿ ಏನೂ ಇರಲಿಲ್ಲ ಕಣೇ. ಕತ್ತರಿ ಬಾಯಿ ತೆರೆದ್ರೆ ನನ್ನ ಬಾಯೂ ತೆರೆಯುತ್ತೆ." ಆದರೆ ಧ್ವನಿವರ್ಧಕದಲ್ಲಿ ಅದು ಅಂಗಳಕ್ಕೆಲ್ಲ ಕೇಳಿತು. ಯಾರಿಗೆ ಉತ್ತರ ಕೊಡುವ ಅಭ್ಯಾಸವಿತ್ತೋ ಅವರೆಲ್ಲ ಅಲ್ಲೇ ಇದ್ದರು.

"ಬೇಡ ಮಾಸ್ಟ್ರೇ," ಎಂದಳು ಗುಬ್ಬಿ. ಅದೇ ಸಣ್ಣ ಧ್ವನಿ. "ಹಾಸಿದ್ದೇ ಸರಿ ಇಲ್ಲ."

ಹಿಂದೆ ನಿಂತಿದ್ದ ಕಟರುಗಳು ಅವಳ ಕಡೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ "ಬೇಡ", "ಬೇಡ ಮಾಸ್ಟ್ರೇ".

ಅತ್ತೆ ಕತ್ತರಿ ಮುಚ್ಚಿದರು.

"ಹಾಕಮ್ಮಾ, ಹಾಕು," ಹಲ್ಲಣ್ಣ ನಗುತ್ತಲೇ ಅವರ ಮಣಿಕಟ್ಟು ಹಿಡಿದು ಅದುಮಿದ. ಗೇಟಿನಿಂದಲೇ ಕಂಡಿತು ನನಗೆ. ಹಲ್ಲು ಹಾಗೇ ಇತ್ತು, ಬೆರಳುಗಳು ಬಿಳಿಚಿಕೊಂಡಿದ್ದವು.

"ನೀವು ಕಟರ್ ಅಲ್ಲ ಸ್ವಾಮೀ. ನಿಮ್ಮ ಮಾತು ಇಲ್ಲಿ ನಡೆಯಲ್ಲ. ಕೈ ಬಿಡಿ."

ಅವನು ಚಿನ್ನದ ಬಣ್ಣದ ಕತ್ತರಿ ತೆಗೆದುಕೊಂಡ. ಅದು ರಿಬ್ಬನ್ನನ್ನು ಕತ್ತರಿಸಲಿಲ್ಲ, ಮಡಚಿತು. ಮತ್ತೆ ಮಡಚಿತು. ಕೊನೆಗೆ ಕಾರ್ಯದರ್ಶಿ ಓಡಿಬಂದು, ಬಗ್ಗಿ, ರಿಬ್ಬನ್ನನ್ನು ಬಾಯಿಗೆ ಸಿಕ್ಕಿಸಿ ಹಲ್ಲಿನಿಂದ ಕಚ್ಚಿ ಹರಿದ. ಎಂಜಲಾದ ತುದಿ ಜೋತುಬಿತ್ತು. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಕಟರುಗಳು ಒಬ್ಬರೂ ಒಳಗೆ ಹೋಗಲಿಲ್ಲ, ತಮ್ಮ ಮೇಜುಗಳಿಗೆ ಹೋದರು.

ಸಹಿಯ ವಿಷಯ ಸದ್ಯಕ್ಕೆ ನಿಂತಿದೆ. ಪರಿಶೀಲನೆಯಲ್ಲಿದೆಯಂತೆ, ಆ ಮಾತು ಕೇಳಿದರೆ ನನಗೆ ಊದಿದ ಬಿಸ್ಕತ್ತು ನೆನಪಾಗುತ್ತದೆ. ಅತ್ತೆಯ ದರ್ಜೆ ಮಾತ್ರ ಹೋಯಿತು. ಈಗ ಅವರು ಅದೇ ಕೋಣೆಯಲ್ಲಿ ಚಿಂದಿ ಗುಡಿಸುತ್ತಾರೆ. ಆದರೆ ಮಾಸ್ಟರಮ್ಮ ಪೊರಕೆ ಕೆಳಗಿಟ್ಟು, ಬಂದು, ಅಂಗೈ ಸವರಿ "ಹಾಕು" ಎನ್ನದೆ ಯಾವ ಮೇಜಿನಲ್ಲೂ ಅಲಗು ತಿರುಗುವುದಿಲ್ಲ. ಮ್ಯಾನೇಜರ್ ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಾನಂತೆ. ಎಷ್ಟು ದಿನ ಕಡಿಯುತ್ತಾನೋ ಎಂಬುದು ನನ್ನ ಹೊಸ ಚಿಂತೆ. ಮಗುವಿನ ಬಟ್ಟೆಯ ಚೀಲ ಇನ್ನೂ ಬಿಚ್ಚಿಲ್ಲ.

ಮೊನ್ನೆ ನಮ್ಮ ಎದುರು ಗೋಡೆಗೆ ಪೋಸ್ಟರ್ ಬಂತು. ಹಲ್ಲಣ್ಣ, ಅವನ ತೋಳಿನಡಿ ಕತ್ತರಿ ತೆರೆದು ನಿಂತ ಅತ್ತೆ. ಕೆಳಗೆ 'ನುರಿತ ಕೈಗಳ ಜೊತೆ ನಾವು'. ಮಗು ಕಿಟಕಿಯಿಂದ ಬೆರಳು ತೋರಿಸಿ "ಅಜ್ಜಿ, ಅಜ್ಜಿ" ಎಂದು ಕುಣಿಯಿತು. ನಾನು ಅದನ್ನು ಕಿಟಕಿಯಿಂದ ಕೆಳಗಿಳಿಸಿದೆ.

ಅತ್ತೆ ಎದ್ದು ಆ ಗೋಡೆಯ ಕಡೆ ಹೊರಟರು. ನಾನು ಮೊಳೆಯಿಂದ ಅವರ ಕತ್ತರಿ ತೆಗೆದು ಚಾಚಿದೆ.

"ಥೂ, ಕಾಗದಕ್ಕೆ ಅದಾ? ತರಕಾರಿ ಚಾಕು ಕೊಡೇ."

ಗೋಡೆಯ ಮುಂದೆ ನಿಂತು ಪೋಸ್ಟರಿನಲ್ಲಿದ್ದ ತಮ್ಮ ತಲೆಯ ಗೆರೆಗೆ ಚಾಕುವಿನ ಮೊನೆ ತಾಗಿಸಿ, ನನ್ನತ್ತ ತಿರುಗಿದರು. "ಹಾಕ್ಲಾ?"

ನಾನು ಹತ್ತಿರ ಹೋಗಿ ಆ ಕಾಗದದ ಮೇಲೆ ಅಂಗೈ ಸವರಿದೆ. ಅಂಟು ಇನ್ನೂ ಹಸಿಯಿತ್ತು, ಕೈಗೆ ಮೆತ್ತಿತು.

"ಹಾಕಿ ಅತ್ತೆ."

ಅವರು ತಮ್ಮನ್ನು ಮಾತ್ರ ಕತ್ತರಿಸಿ ತೆಗೆದರು, ಒಂದು ಕೂದಲೂ ಅವನ ಪಾಲಿಗೆ ಬಿಡದೆ. ಉಳಿದದ್ದು ಹಾಗೇ ಇದೆ ಗೋಡೆಯ ಮೇಲೆ. ತೂತಿನ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದಾನೆ.