ಅಜ್ಜಿಯ ಮೊಣಕಾಲು ಒಪ್ಪಿದ ಎತ್ತರ

ಬೇಗೂರಿನಾಚೆ ರಾಗಿ ಹೊಲಗಳೇ ಹೆಚ್ಚಿದ್ದು, ಕ್ರೇನುಗಳು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಕಾಲ ಅದು. ನಮ್ಮ ಕಡೆ ಬೆಳೆದವರಿಗೆ ನೆನಪಿರುತ್ತದೆ, ಬೆಳಗ್ಗೆ ಶಾಲೆಗೆ ಹೋದ ದಾರಿ ಸಂಜೆ ಮನೆಗೆ ಬರುವಾಗ ಇರುತ್ತಿರಲಿಲ್ಲ. ಯಾರೋ ಅಗೆದಿರುತ್ತಿದ್ದರು, ಇಲ್ಲವೇ ಯಾರೋ ಲೋಡುಗಟ್ಟಲೆ ಮಣ್ಣು ಸುರಿದಿರುತ್ತಿದ್ದರು. ನಮಗೆ ಅದೇ ಹಬ್ಬ. ಸಿಮೆಂಟ್ ಚೀಲದ ಮೇಲೆ ಕೂತು ಮಣ್ಣುಗುಡ್ಡೆಯಿಂದ ಜಾರುವುದು, ಚರಂಡಿಗೆಂದು ತಂದಿಟ್ಟ ದೊಡ್ಡ ಪೈಪಿನೊಳಗೆ ಕಣ್ಣಾಮುಚ್ಚಾಲೆ ಆಡುವುದು. ತಲೆನೋವೆಲ್ಲ ದೊಡ್ಡವರಿಗೆ.

ನಮ್ಮದು ಸೊಪ್ಪು ಬೆಳೆಯುವ ಮನೆ. ಕೆರೆಯ ಹಿಂದೆ ಒಂದೂವರೆ ಎಕರೆಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಅದನ್ನು ಹೊರಲು ಅಪ್ಪ ಹರಾಜಿನಲ್ಲಿ ಹಿಡಿದು ತಂದಿದ್ದ ಒಂದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಇತ್ತು. ಒಂದಾನೊಂದು ಕಾಲದಲ್ಲಿ ಅದರ ಬಣ್ಣ ನೀಲಿ. ಕೆಸರಲ್ಲಿ ಬೇರೆ ಗಾಡಿಗಳು ಹೂತು ಕೂತಾಗ ಇದು ನಾಲ್ಕೂ ಚಕ್ರ ತಿರುಗಿಸಿಕೊಂಡು ಗುರುಗುಡುತ್ತಾ ಆಚೆ ಬರುತ್ತಿತ್ತು. ಒಳಗೆ ಡೀಸೆಲ್ಲು, ಒದ್ದೆ ಮೆಂತ್ಯ ಮತ್ತು ಅಜ್ಜಿಯ ಎಲೆಯಡಿಕೆ ಸೇರಿದ ವಾಸನೆ. ಆ ವಾಸನೆ ಈಗ ಎಲ್ಲೂ ಸಿಗುವುದಿಲ್ಲ.

ಮುಂದಿನ ಸೀಟು ಅಜ್ಜಿಯದು. ಅವಳ ಮಡಿಲಿಗೆ ಒರಗಿಕೊಂಡು ನಾನು. ದಿನಾ ಬೆಳಗ್ಗೆ ಹೊಲಕ್ಕೆ ಹೋಗುವುದನ್ನು ಅಜ್ಜಿ ತಪ್ಪಿಸಿದ್ದು ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಬೀಜ ಎಸೆಯುವ ಕೆಲಸ ಅವಳೊಬ್ಬಳದೇ. ಕೊತ್ತಂಬರಿ ಬೀಜವನ್ನು ಗೋಣಿಯ ಮೇಲೆ ಹರವಿ, ಹಳೆಯ ಚಪ್ಪಲಿಯ ಅಡಿಯಿಂದ ಉಜ್ಜಿ, ಒಂದೊಂದು ಬೀಜವೂ ಎರಡು ಹೋಳಾಗುವಂತೆ ಮಾಡುತ್ತಿದ್ದಳು. ಆಮೇಲೆ ಮಡಿಗೆ ಇಳಿದು ಕೈ ಬೀಸಿದರೆ ಎಲ್ಲೂ ದಟ್ಟವಿಲ್ಲ, ಎಲ್ಲೂ ಬೋಳಿಲ್ಲ. ಅವಳ ಕೈಗುಣ ಅದು ಎಂದು ಊರೇ ಒಪ್ಪಿತ್ತು. ಅಪ್ಪ ಒಮ್ಮೆ ತಾನೂ ಎಸೆಯಲು ಹೋಗಿ, ಕೋಳಿ ಕೆದಕಿದ ಹಾಗೆ ಮಾಡಿಟ್ಟು ಬೈಸಿಕೊಂಡಿದ್ದ.

ಆ ಬೇಸಿಗೆ ರಜೆಯಲ್ಲಿ ಲೇಔಟಿನವರು ಹೊಲದ ದಾರಿಗೆ ಅಡ್ಡಲಾಗಿ ಮೋರಿ ಹಾಕಿ, ಅದರ ಮೇಲೆ ದಿಬ್ಬ ಕಟ್ಟಿದರು. ಹೋಗುವಾಗ ಏನೂ ತೊಂದರೆಯಿಲ್ಲ. ಸೊಪ್ಪು ತುಂಬಿಕೊಂಡು ಬರುವಾಗ ಗಾಡಿಯ ಹೊಟ್ಟೆ ದಿಬ್ಬಕ್ಕೆ ಕೂತುಬಿಡುತ್ತಿತ್ತು. ಒಂದೇ ವಾರದಲ್ಲಿ ಎರಡು ಸಲ ಸಿಕ್ಕಿಕೊಂಡು, ಎಲ್ಲರೂ ಇಳಿದು ತಳ್ಳಬೇಕಾಯಿತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನ ಹತ್ತಿರ ಇದಕ್ಕೆ ಉತ್ತರ ತಯಾರಿತ್ತು.

"ಗಾಡಿ ಎತ್ತರಿಸ್ಬಿಡಣ ಅಣ್ಣ. ನಾಲ್ಕಿಂಚು. ನಮ್ ಫ್ಯಾಕ್ಟ್ರಿ ಮುಂದೆ ಜೀಪ್‌ಗಳು ನಿಂತಿರ್ತವೆ, ನೋಡ್ಬೇಕು ನೀನು. ಸಕ್ಕತ್ತಾಗಿರ್ತವೆ."

"ನಾಲ್ಕು ಜಾಸ್ತಿ ಆಗಲ್ವೇನೋ?" ಎಂದ ಅಪ್ಪ.

"ಮಾಡ್ಸೋದೇ ಆದ್ಮೇಲೆ, ಕಮ್ಮಿ ಯಾಕೆ ಮಾಡ್ಸಣ?"

ಬರೀ ಮಾತಿಗೆ ನಿಲ್ಲಿಸದೆ ಚಿಕ್ಕಪ್ಪ ಭಾನುವಾರ ಬೆಳಗ್ಗೆ ಕಟ್ಟಡದವರಿಂದ ಮರದ ತುಂಡುಗಳನ್ನು ತಂದ. ಜಾಕ್ ಕೊಟ್ಟು, ನಾಲ್ಕೂ ಚಕ್ರದ ಕೆಳಗೆ ನಾಲ್ಕಿಂಚು ದಪ್ಪದ ತುಂಡು ಇಟ್ಟು, ಎತ್ತರಿಸಿದರೆ ಹೀಗೆ ಕಾಣುತ್ತದೆಂದು ಮನೆ ಮುಂದೆ ಗಾಡಿಯನ್ನು ಮೆರೆಸಿದ. ಬೀದಿಯವರೆಲ್ಲ ಬಂದು ನೋಡಿದರು. ನಾವು ಮಕ್ಕಳು ಅದರ ಅಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ನುಸುಳಿದೆವು. ಅಜ್ಜಿ ಜಗಲಿಯ ಮೇಲಿಂದ "ಚೆಂದಾಗದೆ ಕಣಪ್ಪ" ಎಂದು ಹೇಳಿ ಒಳಗೆ ಹೋದಳು.

ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡು ಎಲ್ಲರೂ ಅಡ್ಡಾದರು. ನಾನು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಬಾಗಿಲ ಹಿಂದೆ ಕೂತಿದ್ದೆ. ಅಜ್ಜಿ ಮೆಲ್ಲಗೆ ಆಚೆ ಹೋದಳು. ಗಾಡಿಯ ಬಾಗಿಲು ತೆಗೆದು, ಹಿಡಿಯನ್ನು ಹಿಡಿದು, ಎಡಗಾಲು ಎತ್ತಿದಳು. ಕಾಲು ಮೇಲಿನ ಅಂಚಿಗೆ ಹೋಯಿತು, ಆದರೆ ಮೈ ಮೇಲೇಳಲಿಲ್ಲ. ಇನ್ನೊಂದು ಸಲ. ಮೂರನೇ ಸಲ ಮೊಣಕಾಲು ಹಿಡಿದುಕೊಂಡು ಅಲ್ಲೇ ಗಾಡಿಗೆ ಒರಗಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದವಳಿಗೆ ನಾನು ಕಂಡೆ.

"ಯಾರ್ಗೂ ಏಳ್ಬ್ಯಾಡ ಪಾಪ," ಎಂದಳು.

ಆಗಲಿ ಎಂದು ತಲೆಯಾಡಿಸಿದೆ. ಸಂಜೆ ಅವಳು ಅಪ್ಪನಿಗೆ ಹೇಳಿದಳು, "ನೋಡು, ಈ ಬಿಸ್ಲಾಗೆ ನಂಗೆ ಆಗಾಕಿಲ್ಲ. ಇನ್‌ಮ್ಯಾಕೆ ಒಲಕ್ಕೆ ನಾನು ಬರಾಕಿಲ್ಲ. ಬೀಜ ನೀನೇ ಎಸ್ಕೋ." ಅಪ್ಪ ನಂಬಿಬಿಟ್ಟ. ಅವಳ ವಯಸ್ಸು ಹಾಗಿತ್ತು, ಬಿಸಿಲೂ ಹಾಗೇ ಇತ್ತು. ನನಗೆ ಮಾತ್ರ ಅನ್ನ ಸೇರಲಿಲ್ಲ. ಅಜ್ಜಿ ಇಲ್ಲದ ಆ ಸೀಟನ್ನು ಊಹಿಸಿಕೊಳ್ಳಲಿಕ್ಕೂ ನನಗೆ ಇಷ್ಟವಿರಲಿಲ್ಲ.

ಮಾರನೆಯ ದಿನ ಮರದ ತುಂಡುಗಳನ್ನು ತೆಗೆದು, ಗಾಡಿ ಎತ್ತರಿಸಲೆಂದು ಅಪ್ಪ, ಚಿಕ್ಕಪ್ಪ ಮತ್ತು ನಾನು ಬೊಮ್ಮಸಂದ್ರಕ್ಕೆ ಹೋದೆವು. ಅಲ್ಲಿ ಲಾರಿಗಳ ಕಮಾನ್ ಪಟ್ಟಿ ಕೆಲಸ ಮಾಡುವ ಸ್ವಾಮಿ ಮೇಸ್ತ್ರಿಯ ಅಂಗಡಿ. ಕಮಾನ್ ಪಟ್ಟಿ ಎಂದರೆ ಗಾಡಿಯ ಭಾರ ಹೊರುವ ಬಾಗಿದ ಕಬ್ಬಿಣದ ಪಟ್ಟಿಗಳು, ಚಪಾತಿ ಪೇರಿಸಿದ ಹಾಗೆ ಒಂದರ ಮೇಲೊಂದು ಇರುತ್ತವೆ. ಮೇಸ್ತ್ರಿ ಕಾದ ಪಟ್ಟಿಯನ್ನು ಸುತ್ತಿಗೆಯಿಂದ ಬಾಗಿಸುತ್ತಿದ್ದವರು ನಮ್ಮ ಗಾಡಿಯನ್ನು ಒಂದು ಸಲ ಸುತ್ತಿ ಬಂದರು.

"ಖಾಲಿ ಗಾಡಿ ತಂದು ಎತ್ತರ ಕೇಳ್ತೀರಲ್ಲಾ. ಇದು ದಿಬ್ಬಕ್ಕೆ ತಗುಲೋದು ಲೋಡ್ ಇದ್ದಾಗ ತಾನೇ?"

ಚಿಕ್ಕಪ್ಪ ಮರದ ತುಂಡಿನ ಮೆರವಣಿಗೆ ಮಾಡುವಾಗ ಗಾಡಿಯಲ್ಲಿ ಒಂದು ಕಟ್ಟು ಸೊಪ್ಪೂ ಇರಲಿಲ್ಲ.

"ದಿನಾ ಯಾರ್ಯಾರು ಕೂರ್ತೀರಾ?" ಮೇಸ್ತ್ರಿ ಕೇಳಿದರು.

"ನಾನು, ನನ್ ಮಗ್ಳು. ನಮ್ಮವ್ವ ಕೂರ್ತಿದ್ರು, ಇನ್ಮೇಲೆ ಬರಲ್ಲ ಅಂದವ್ರೆ. ಬಿಸ್ಲು ಆಗಲ್ವಂತೆ."

ನನ್ನ ಬಾಯಿಂದ ಬಂದೇಬಿಟ್ಟಿತು. "ಬಿಸ್ಲಲ್ಲಪ್ಪ. ಅಜ್ಜಿಗೆ ಅಷ್ಟೆತ್ತರ ಹತ್ತಕ್ಕಾಗಲ್ಲ. ಮೂರು ಸಲ ನೋಡಿದ್ರು. ಯಾರ್ಗೂ ಹೇಳ್ಬೇಡ ಅಂದ್ರು."

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಗಾಡಿಯ ಬಾಗಿಲನ್ನು ನೋಡಿದ. ಅವನ ಮುಖ ಸಣ್ಣದಾಯಿತು.

"ಒಂದು ಮೆಟ್ಲು ವೆಲ್ಡ್ ಮಾಡ್ಬಿಟ್ರಾಯ್ತಲ್ಲ," ಎಂದ ಚಿಕ್ಕಪ್ಪ.

"ಮೆಟ್ಲು ಕೆಳಗೆ ಬಿಟ್ರೆ ದಿಬ್ಬಕ್ಕೆ ಮೊದ್ಲು ತಗುಲೋದೇ ಅದು," ಎಂದರು ಮೇಸ್ತ್ರಿ. "ನಾಳೆ ಲೋಡ್ ಹಾಕ್ಕೊಂಡು ಬನ್ನಿ. ಗಾಡಿ ಹೊಟ್ಟೆಗೆಲ್ಲ ಸುಣ್ಣ ಬಳಿದು ದಿಬ್ಬ ದಾಟ್ಸಿ. ಅಮ್ಮಾನೂ ಕರ್ಕೊಂಡ್ಬನ್ನಿ. ಅವ್ರು ಬರದೆ ನಾನು ಪಟ್ಟಿ ಮುಟ್ಟಲ್ಲ."

ಸುಣ್ಣ ಬಳಿದದ್ದು ನಾನೇ. ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ಕೂದಲಿಗೆಲ್ಲ ಮೆತ್ತಿಕೊಂಡು, ಅಮ್ಮನಿಂದ ಬೈಸಿಕೊಂಡೆ. ಅಜ್ಜಿಯನ್ನು ಹೊರಡಿಸಲು ಅಪ್ಪ ಒಂದು ನೆಪ ಹೂಡಿದ. "ಸೊಪ್ಪಿನ ಲೋಡ್ ಎಂಗೆ ಜೋಡಿಸ್ತೀವಿ ಅಂತ ಮೇಸ್ತ್ರಿಗೆ ತೋರಿಸ್ಬೇಕಂತೆ ಅವ್ವ. ನಂಗೆ ಸರಿಯಾಗಿ ಬರಲ್ಲ." ಅಜ್ಜಿ ಅವನನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

ದಿಬ್ಬ ದಾಟಿದ ಮೇಲೆ ನೋಡಿದರೆ ಸುಣ್ಣ ಅಳಿಸಿದ್ದು ಹಿಂಬದಿಯಲ್ಲಿ ಮಾತ್ರ. ಮುಂದಿನ ಅರ್ಧ ಬೆಳ್ಳಗೆ ಹಾಗೇ ಇತ್ತು. ಅಂಗಡಿಯಲ್ಲಿ ಅದನ್ನು ನೋಡಿ, ಹಿಂದಿನ ಪಟ್ಟಿಗಳು ಹಳತಾಗಿ, ಬಾಗು ಹೋಗಿ ಚಪ್ಪಟೆಯಾಗಿವೆ ಎಂದರು ಮೇಸ್ತ್ರಿ. ಆಮೇಲೆ ಮುಂದಿನ ಚಕ್ರಗಳ ಕೆಳಗೆ ಒಂದಿಂಚಿನ ಹಲಗೆ ಇಟ್ಟು, "ಹತ್ತಿ ಅಮ್ಮಾ" ಎಂದರು. ಅಜ್ಜಿ ಹತ್ತಿದಳು. ಇಳಿಸಿ ಇನ್ನೊಂದು ಹಲಗೆ ಇಟ್ಟರು. ಹತ್ತಿದಳು, ಆದರೆ ಹಲ್ಲು ಕಚ್ಚಿದ್ದು ಎಲ್ಲರಿಗೂ ಕಂಡಿತು.

"ಇದೂ ಆಯ್ತದೆ. ಇನ್ನೊಂದ್ ಇಡು," ಎಂದಳು ಅಜ್ಜಿ.

ಮೇಸ್ತ್ರಿ ಬಗ್ಗಿ ಎರಡನೇ ಹಲಗೆಯನ್ನೇ ತೆಗೆದರು. "ಬೇಡಮ್ಮ. ಮುಂದೆ ಒಂದಿಂಚು, ಹಿಂದೆ ಮೂರು. ಹಿಂದಕ್ಕೆ ಎರಡು ಹೊಸ ಪ್ಲೇಟ್ ಸೇರಿಸಿ, ಹಳೇದಕ್ಕೆ ಕಮಾನು ಹೊಡೆದು ಕೊಡ್ತೀನಿ."

ನಾಲ್ಕನೇ ದಿನ ಗಾಡಿ ಮನೆಗೆ ಬಂತು. ಖಾಲಿ ನಿಂತಾಗ ಮೂತಿ ಕೆಳಗೆ, ಹಿಂಭಾಗ ಮೇಲೆ. ಚಿಕ್ಕಪ್ಪನಿಗೆ ಅದರಲ್ಲಿ ಕೂರಲು ತಿಂಗಳುಗಟ್ಟಲೆ ನಾಚಿಕೆ. ಸೊಪ್ಪು ತುಂಬಿದರೆ ಮಾತ್ರ ಸಮವಾಗಿ ನಿಂತು, ದಿಬ್ಬವನ್ನು ಸದ್ದಿಲ್ಲದೆ ದಾಟುತ್ತಿತ್ತು. ಮೊದಲ ದಿನ ದಾಟಿದಾಗ ಅಜ್ಜಿ ನನ್ನ ತಲೆಗೆ ಮೊಟಕಿದಳು. "ನಿನ್ ಬಾಯಾಗೆ ಕಡ್ಲೆಕಾಳೂ ನೆನೆಯಾಕಿಲ್ಲ," ಎಂದಳು. ಮೊಟಕಿದ ಕೈ ಅಲ್ಲೇ ನನ್ನ ತಲೆಯ ಮೇಲೆ ಉಳಿಯಿತು. ಅಷ್ಟು ಸಂತೋಷ ನನಗೆ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿಲ್ಲ.

ಆಮೇಲೆ ಐದು ವರ್ಷ ಅಜ್ಜಿ ಹೊಲಕ್ಕೆ ಬಂದಳು. ಪ್ರತಿ ಬಿತ್ತನೆಗೂ ಅವಳದೇ ಕೈ. ಒಂದು ಚಳಿಗಾಲದಲ್ಲಿ ಹಾಸಿಗೆ ಹಿಡಿದು, ಹೆಚ್ಚು ನರಳದೆ ಹೋದಳು. ಆ ಗಾಡಿಯನ್ನು ಅಪ್ಪ ಕೋಲಾರದ ಕಡೆಯವರಿಗೆ ಕೊಟ್ಟ. ಹೊಲವಿದ್ದಲ್ಲಿ ಈಗ ಅಪಾರ್ಟ್‌ಮೆಂಟಿದೆ, ಅದರಲ್ಲಿ ನಮಗೂ ಮನೆಗಳಿವೆ. ಆರನೇ ಮಹಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಮಕ್ಕಳ ಶಾಲೆ ಹತ್ತಿರವಿದೆ, ಸೊಪ್ಪು ಬೇಕೆಂದರೆ ಫೋನು ಒತ್ತಿದರೆ ಬಾಗಿಲಿಗೆ ಬರುತ್ತದೆ. ಗೋಳಾಡುವಂಥದ್ದೇನೂ ನನಗಿಲ್ಲ.

ಬಾಲ್ಕನಿಯ ಕುಂಡದಲ್ಲಿ ನಾನೂ ಕೊತ್ತಂಬರಿ ಹಾಕುತ್ತೇನೆ. ಒಂದು ಕಡೆ ಗುಂಪಾಗಿ ಏಳುತ್ತದೆ, ಇನ್ನೊಂದು ಕಡೆ ಬರೀ ಮಣ್ಣು. ಆ ಐದು ವರ್ಷ ಅಜ್ಜಿ ಮಡಿಯಲ್ಲಿ ನಿಂತು "ಬಾ ಪಾಪ, ಒಂದ್ ಕೈ ಎಸಿ ನೋಡಣ" ಎಂದು ಕರೆಯುತ್ತಿದ್ದಳು. ನಾನು ಕಾಲುವೆಯಲ್ಲಿ ಮೀನು ಹಿಡಿಯುತ್ತಾ, ಬಂದೆ ಬಂದೆ ಎನ್ನುತ್ತಿದ್ದೆ. ಒಂದು ಸಲವೂ ಹೋಗಲಿಲ್ಲ.