ಮೂರನೇ ಕೂಗಿಗೆ ಓ

ಪರದೆಯ ಹಿಂದೆ ನಿಂತು "ಶಿಲ್ಪಾ" ಎಂದು ಕೂಗಿದೆ. ಆಚೆ ಬೆಂಚಿನ ಮೇಲೆ ಕೂತಿದ್ದ ಹುಡುಗಿ ಉಸಿರೆತ್ತಲಿಲ್ಲ. ಮತ್ತೆ ಕೂಗಿದೆ. ಇಲ್ಲ. ಮೂರನೇ ಸಲಕ್ಕೆ "ಓ" ಅಂದಳು. ಅವಳೊಬ್ಬಳಲ್ಲ, ಇಡೀ ತರಗತಿ ಹೀಗೇ ಮಾಡಿತು.

ನಾನು ಧಾರವಾಡದವಳು. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾಗದೆ, ಮನೋವಿಜ್ಞಾನ ಕಲಿಸಲು ಹೊಳೆನರಸೀಪುರದ ಕಾಲೇಜೊಂದಕ್ಕೆ ಬಂದೆ. ಅಂದಿನ ಪಾಠ ಈ ಶಾಸ್ತ್ರದ ಹುಟ್ಟು. ಮನಸ್ಸನ್ನು ತಕ್ಕಡಿಗೆ ಹಾಕಲಾಗದಿದ್ದರೆ ಬೇಡ, ಅದು ತೆಗೆದುಕೊಳ್ಳುವ ಹೊತ್ತನ್ನಾದರೂ ಅಳೆಯೋಣ ಎಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲವರು ಹಟ ಹಿಡಿದು ಕೂತರು. ಅಲ್ಲಿಯವರೆಗೆ ತತ್ವಶಾಸ್ತ್ರದ ಸೊತ್ತಾಗಿದ್ದ ಮನಸ್ಸು ಪ್ರಯೋಗಾಲಯಕ್ಕೆ ಬಂತು. ಸದ್ದು ಕೇಳಿದೊಡನೆ ಗುಂಡಿ ಒತ್ತಬೇಕು. ನಡುವೆ ಕಳೆದ ಹೊತ್ತನ್ನು ಅಳೆಯಬೇಕು. ನಮ್ಮಲ್ಲಿ ಆ ಯಂತ್ರವೆಲ್ಲಿ? ಹೆಸರು ಕೂಗಿ, ಮೊಬೈಲಿನಲ್ಲಿ ಹೊತ್ತು ನೋಡಿದೆ.

"ಯಾಕ, ಕಿವಿ ಕೇಳಂಗಿಲ್ಲೇನು ನಿಮಗ?"

"ಮೊಕ ಕಾಣ್ದಿದ್ರೆ ಮೂರನೇ ಕೂಗ್ಗೇ ಓ ಅನ್ನೋದು ಮೇಡಂ," ಎಂದಳು ಶಿಲ್ಪಾ. "ಅವು ಒಂದೇ ಸಲ ಕೂಗೋದು."

"ಅವು ಅಂದ್ರ?"

ಅವುಗಳ ಹೆಸರು ಎತ್ತಬಾರದಂತೆ. ನಾನೊಬ್ಬಳೇ ನಕ್ಕೆ. ಧಾರವಾಡದಲ್ಲಿ ಕೂತು ಓದುವ ನೀವೂ ನಗುತ್ತೀರಿ, ಗೊತ್ತು.

ನಮ್ಮಲ್ಲಿ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿ ಮುದ್ದೆ ಅಗಿದರೆ ನಗೆಪಾಟಲು. "ನುಂಗವ್ವ, ಅದೇನ್ ಎಲೆ ಅಡ್ಕೆ ಅಗ್ದಂಗೆ ಅಗೀತೀಯ!" ಎಂದು ಮನೆ ಓನರ್ ಜಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನುಂಗುವುದನ್ನು ಕಲಿತೆ. ಮಾತಿನ ಕೊನೆಗೆ 'ಕಣ' ಸೇರಿಸುವುದೂ ಬಂತು. ಆದರೆ ಅವರು ಕೆಳಗಿನಿಂದ ಕರೆದಾಗಲೆಲ್ಲ ಮೊದಲ ಕೂಗಿಗೇ "ಓ" ಅಂದುಬಿಡುತ್ತಿದ್ದೆ. ಅದಕ್ಕೆ ಮಾತ್ರ ಅವರು ನಗುತ್ತಿರಲಿಲ್ಲ.

"ಅಂಗೆ ಓಗೊಟ್ಬುಡಬ್ಯಾಡ ಕಣವ್ವ. ಗುರ್ತಿನ ದನೀಲೇ ಕೂಗ್ತವೆ. ಓ ಅಂದ್ರೆ ಜೊತ್ಗೆ ಬತ್ತೀನಿ ಅಂದಂಗೆ."

ಒಳ್ಳೆಯ ಹೆಂಗಸು, ಮನಸ್ಸು ನೋಯಿಸುವುದೇಕೆ ಎಂದು ಮೂರನೇ ಕೂಗಿಗೆ ಕಾಯತೊಡಗಿದೆ. ಮೊದಮೊದಲು ಅದು ನಾಟಕ. ಆಮೇಲೆ ಅಭ್ಯಾಸವಾಯಿತು.

ಮೊನ್ನೆ ಭಾನುವಾರ, ಮಟಮಟ ಮಧ್ಯಾಹ್ನ. ಜಯಮ್ಮ ಹಳೇಕೋಟೆಗೆ, ತಂಗಿಯ ಮನೆಗೆ ಹೋಗಿದ್ದರು. ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಮೆಟ್ಟಿಲ ಬುಡದಿಂದ ಕೂಗು ಬಂತು.

"ಸುವ್ವೀ..."

ಇಲ್ಲಿ ನಾನು ಸುವರ್ಣಾ ಮೇಡಂ. ಸುವ್ವಿ ಎನ್ನುತ್ತಿದ್ದವಳು ಅವ್ವ ಒಬ್ಬಳೇ. ಅದೇ ಎಳೆತ, ಹಿಂದೆಯೇ ಅದೇ ಸಣ್ಣ ಕೆಮ್ಮು.

ಆ ಹಳೆಯ ಪ್ರಯೋಗಾಲಯದವರು ತಮ್ಮ ಮನಸ್ಸಿನಲ್ಲಿ ಆಗುವುದನ್ನು ತಾವೇ ಗಮನಿಸಿ ಹೇಳಬೇಕಿತ್ತಂತೆ. ನಾನೂ ಗಮನಿಸಿಕೊಂಡೆ. ಹೆದರಿಕೆ ಇತ್ತು, ಹೆದರಿಕೆಗಿಂತ ಆಸೆ ಹೆಚ್ಚಿತ್ತು. ಇದು ಭ್ರಮೆ ಎಂದು ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ಭ್ರಮೆಯಾದರೆ ಓ ಅಂದರೆ ಏನು ನಷ್ಟ? ಆದರೂ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು.

ಧಾರವಾಡದಲ್ಲಾಗಿದ್ದರೆ ಅಂದೇಬಿಡುತ್ತಿದ್ದೆ. ಈ ಊರಿನವಳ ಹಾಗೆ, ಬಟ್ಟೆ ಎದೆಗವುಚಿಕೊಂಡು, ಎರಡನೇ ಕೂಗಿಗೆ ಕಾದೆ.

ಅವ್ವ ಮತ್ತೆ ಕೂಗಲಿಲ್ಲ.