ಆಷಾಢದಲ್ಲಿ ಅರಕಲಗೂಡಿಗೆ ಮದುವೆಗೆ ಹೋದದ್ದು

ಮನೆಯವರೊಬ್ಬರಿಗೆ ಮನಸ್ಸು ಸರಿಯಿಲ್ಲ ಅಂತ ಡಾಕ್ಟರ ಹತ್ತಿರ ಹೊರಟು, ಅಕ್ಕಪಕ್ಕದವರಿಗೆ ಬೇರೇನೋ ಹೇಳಿದ್ದೀರಾ? ನಿಜ ಹೇಳಿ. ನಾವಂತೂ ಹೇಳಿದ್ದೇವೆ. ಅದೂ ಎಂಥ ದಡ್ಡ ಸುಳ್ಳು ಅಂದರೆ, ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಮ್ಮಕ್ಕ ಸಾವಿತ್ರಿಯನ್ನು ಚನ್ನರಾಯಪಟ್ಟಣದ ದಿನಸಿ ಅಂಗಡಿಯವರ ಮನೆಗೆ ಕೊಟ್ಟಿತ್ತು. ಎರಡನೇ ಹೆರಿಗೆ ಆದಮೇಲೆ ಅವಳು ಮಾತು ಬಿಟ್ಟಳು; ನೋಡಿಕೊಳ್ಳಲು ನಾನು ಅವಳ ಮನೆಯಲ್ಲೇ ಉಳಿದಿದ್ದೆ. ನಿದ್ದೆಯೂ ಇಲ್ಲ. ಮಗು ಅತ್ತರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ತಾಯಿತ ಕಟ್ಟಿಸಿದ್ದಾಯಿತು. ಹಾಸನದಲ್ಲಿ ಒಬ್ಬ ಪ್ರೈವೇಟ್ ಡಾಕ್ಟರಿಗೆ ತೋರಿಸಿದ್ದೂ ಆಯಿತು. ವಾರ ವಾರ ಬನ್ನಿ ಅಂದರು. ಆ ಫೀಸು ಕೊಟ್ಟು ವಾರ ವಾರ ಹೋಗುವ ಶಕ್ತಿ ನಮಗಿರಲಿಲ್ಲ. ಅಕ್ಕನ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ಶ್ರಾವಣದೊಳ್ಗೆ ಸರಿಯೋದ್ರೆ ಸರಿ. ಇಲ್ದಿದ್ರೆ ತವ್ರಿಗೆ ಕರ್ಕೊಂಡೋಗಿ. ಮಕ್ಳಿಬ್ರೂ ಇಲ್ಲೇ ಇರ್ಲಿ."

ಹಾಸನದ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಪೋಸ್ಟರ್ ನೋಡಿದೆ. ಯಾವುದೋ ಟ್ರಸ್ಟಿನವರು ಒಂದೊಂದು ತಾಲ್ಲೂಕಿನಲ್ಲೂ ಮನಸ್ಸಿನ ತೊಂದರೆ ಇರುವವರಿಗೆ ತಿಂಗಳಿಗೊಂದು ದಿನ ಉಚಿತ ಕ್ಯಾಂಪ್ ಮಾಡುತ್ತಿದ್ದರು. ಡಾಕ್ಟರೂ ಇರುತ್ತಾರೆ, ಕೂರಿಸಿಕೊಂಡು ಮಾತಾಡಿಸುವ ಕೌನ್ಸೆಲರೂ ಇರುತ್ತಾರೆ. ಚನ್ನರಾಯಪಟ್ಟಣದ ಕ್ಯಾಂಪು ನಡೆಯುತ್ತಿದ್ದದ್ದು ಅಕ್ಕನ ಮನೆ ಹಿಂದಿನ ಬೀದಿಯ ಶಾಲೆಯಲ್ಲಿ. ಭಾವ ಒಪ್ಪಲಿಲ್ಲ.

"ಇಲ್ಲಿ ಬ್ಯಾಡ, ಊರೆಲ್ಲ ನೋಡ್ತದೆ. ಅರಕಲಗೂಡ್ಗೋಗಿ. ಅಲ್ಲಿ ನಮ್ಮ ಮುಖ ಯಾರಿಗ್ ಗೊತ್ತು? ಯಾರಾದ್ರೂ ಕೇಳುದ್ರೆ ಮದ್ವೆ ಅನ್ನಿ, ಮುಗೀತು."

ಮದುವೆ ಅಂದಮೇಲೆ ಮದುವೆಯ ಹಾಗೇ ಹೋಗಬೇಕಲ್ಲ. ಬೆಳಿಗ್ಗೆ ಅಕ್ಕನಿಗೆ ರೇಷ್ಮೆ ಸೀರೆ ಉಡಿಸಿ ಮಲ್ಲಿಗೆ ಮುಡಿಸಿದೆ. ಅವಳು ಏನೋ ಹೇಳುವವಳ ಹಾಗೆ ಬಾಯಿ ತೆರೆದು ಸುಮ್ಮನಾದಳು. ಎದುರು ಮನೆಯ ಹಿಟ್ಟಿನ ಗಿರಣಿಗೆ ಅವತ್ತು ಬೀಗ. ಗಿರಣಿ ಪುಟ್ಟಮ್ಮ ಹಿಂದಿನ ದಿನವೇ ಮಗಳ ಮನೆಗೆ ಹೊರಟಿದ್ದರು. ಅವರಿಗೂ ನಾನು ನಮ್ಮ ಮದುವೆಯ ಸುದ್ದಿ ಒಪ್ಪಿಸಿದ್ದೆ. "ಓಗ್ಬಾ ತಾಯಿ" ಅಂತ ನಕ್ಕಿದ್ದರು.

ಹೊಳೆನರಸೀಪುರದ ಬಸ್ಸಿನಲ್ಲಿ ಕಂಡಕ್ಟರು ನಮ್ಮ ಸೀರೆ ನೋಡಿ, "ಏನವ್ವಾ, ಎಲ್ಗೆ ಸವಾರಿ?" ಅಂದ. ಮದುವೆಗೆ ಅಂದೆ. ನನ್ನ ಮುಖವನ್ನೊಮ್ಮೆ ನೋಡಿ ಟಿಕೆಟ್ ಹರಿದು ಕೊಟ್ಟ. ಹೊಳೆನರಸೀಪುರದಲ್ಲಿ ಇಳಿದಾಗ ಗಾಳಿ ಅಂದರೆ ಗಾಳಿ, ಜೊತೆಗೆ ಸೋನೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಗೊಂಡೆ. ಅಕ್ಕ ಮುಟ್ಟಲಿಲ್ಲ. ಎರಡು ತಟ್ಟೆಯನ್ನೂ ನಾನೇ ಮುಗಿಸಿ ಅವಳನ್ನು ಅರಕಲಗೂಡಿನ ಬಸ್ ಹತ್ತಿಸಿದೆ. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಶುಂಠಿ. ಅಕ್ಕ ಒಂದನ್ನೂ ನೋಡಲಿಲ್ಲ.

ಕ್ಯಾಂಪ್ ಇದ್ದದ್ದು ಒಂದು ಮದುವೆ ಛತ್ರದಲ್ಲಿ. ಆ ತಿಂಗಳು ಖಾಲಿ ಬಿದ್ದಿರುತ್ತದೆ ಅಂತ ಛತ್ರದವರು ಸುಮ್ಮನೆ ಕೊಟ್ಟಿದ್ದರಂತೆ. ಒಳಗೆ ಕಾಲಿಟ್ಟು ನಾನು ನಿಂತುಬಿಟ್ಟೆ. ಬೆಂಚಿನ ತುಂಬ ಜರಿ ಸೀರೆ. ಗಂಡಸರೆಲ್ಲ ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ. ಒಬ್ಬರ ಕೈಯಲ್ಲಿ ಉಡುಗೊರೆಯ ಪೊಟ್ಟಣವೂ ಇತ್ತು. ವಾಲಗದ ಸದ್ದೊಂದಿಲ್ಲ ಅಷ್ಟೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೂರನೇ ಬೆಂಚಿನಲ್ಲಿ, ಹಸಿರು ರೇಷ್ಮೆ ಉಟ್ಟುಕೊಂಡು, ನಮ್ಮ ಗಿರಣಿ ಪುಟ್ಟಮ್ಮ.

ತಿರುಗಿ ಓಡೋಣ ಅನಿಸಿತು. ಅಷ್ಟರಲ್ಲಿ ಅವರೇ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾ ಕೂತ್ಕೊ. ಹುಡ್ಗಿ ಕಡೇರಾ, ಗಂಡಿನ್ ಕಡೇರಾ?"

"ನೀವು ಮಗಳ ಮನೇಗೆ..."

"ಮಗ್ಳ ಮನೇಲಿ ರಾತ್ರಿ ಉಳ್ಕಂಡು ಇಲ್ಗೆ ಬಂದೆ. ಗಿರಣಿ ಸದ್ದು ಕೇಳುದ್ರೆ ಎದೆ ಡವಗುಟ್ಟದು, ಸತ್ತೋಯ್ತೀನಿ ಅನ್ಸದು. ಈಗ ಎಷ್ಟೋ ವಾಸಿ." ಆಮೇಲೆ ನಗುತ್ತಾ ನನ್ನ ಮಂಡಿಗೆ ಒಂದು ತಟ್ಟಿದರು. "ಅಲ್ಲ ಕಣಮ್ಮಿ, ಓದ್ದೋಳು ನೀನು. ಆಷಾಢ್ದಾಗೆ ಯಾವನ್ ಮದ್ವೆ ಮಾಡ್ತಾನೆ?"

ಭಾವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಪಕ್ಕದಿಂದ ಒಂದು ದನಿ ಬಂತು. "ನಾನು ಬೆಳಿಗ್ಗೇನೇ ಹೇಳನ ಅಂತಿದ್ದೆ."

ಅಕ್ಕ. ಎಷ್ಟೋ ವಾರಗಳಿಂದ ಹೂಂ, ಉಹೂಂ ಬಿಟ್ಟು ಬೇರೆ ಮಾತು ಆಡದಿದ್ದ ನಮ್ಮಕ್ಕ.

"ಮತ್ ಯಾಕೆ ಹೇಳ್ಲಿಲ್ಲ?" ಅಂದೆ.

"ನನ್ ಮಾತು ಯಾರಿಗ್ ಬೇಕು ಅನ್ಸ್ತು."

ಪುಟ್ಟಮ್ಮ ನಗುವುದನ್ನು ನಿಲ್ಲಿಸಿ ಅವಳ ಕೈ ಹಿಡಿದುಕೊಂಡರು. "ಒಳ್ಗೆ ಒಬ್ಬ ಹುಡ್ಗಿ ಅವ್ಳೆ. ಅವ್ಳಿಗ್ ಬೇಕು ಕಣವ್ವ ನಿನ್ ಮಾತು. ಓಗು, ಎಲ್ಲಾ ಹೇಳು."

ಅಕ್ಕ ಒಬ್ಬಳೇ ಒಳಗೆ ಹೋದಳು. ವಧುವಿನ ಕೋಣೆ ಅಂತ ಬರೆದಿದ್ದ ಬಾಗಿಲು. ಕೌನ್ಸೆಲರ್ ಜೊತೆ ಬಹಳ ಹೊತ್ತು ಇದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಏನು ಮಾತಾಡಿದಳು ಅಂತ ನಾನು ಕೇಳಲಿಲ್ಲ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಇದು ಹುಚ್ಚಲ್ಲ, ಗಾಳಿಯಲ್ಲ, ಮಾತ್ರೆ ನಿಧಾನಕ್ಕೆ ಹಿಡಿಯುತ್ತದೆ, ತಪ್ಪಿಸಬೇಡಿ ಅಂತ ಡಾಕ್ಟರು ಹೇಳಿದರು. ಮಾತ್ರೆಯನ್ನೂ ಅವರೇ ಕೊಟ್ಟರು. ಅವತ್ತು ನಮಗೆ ಖರ್ಚಾದದ್ದು ಬಸ್ ಚಾರ್ಜು, ಆಟೋ, ಇಡ್ಲಿ.

ವಾಪಸು ಮೂವರೂ ಒಂದೇ ಸೀಟಿನಲ್ಲಿ ಬಂದೆವು. ಮನೆ ಬಾಗಿಲಲ್ಲಿ ಅತ್ತೆ, ಪಕ್ಕದ ಮನೆಯವರಿಗೆ ಕೇಳಲಿ ಅಂತ, "ಮದ್ವೆ ಚೆನ್ನಾಗಾಯ್ತಾ?" ಅಂದರು. "ಆಷಾಢ ಕಣತ್ತೆ" ಅಂತಷ್ಟೇ ಹೇಳಿ ಅಕ್ಕ ಒಳಗೆ ಹೋದಳು.

ಶ್ರಾವಣ ಬಂತು. ಅಕ್ಕ ಪೂರ್ತಿ ಸರಿಯಾಗಿರಲಿಲ್ಲ. ಆದರೆ ನಿದ್ದೆ ಬರುತ್ತಿತ್ತು, ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು. ತವರಿನ ಮಾತನ್ನು ಅತ್ತೆ ಎತ್ತಲಿಲ್ಲ. ಮುಂದಿನ ಸಲ ಹಿಂದಿನ ಬೀದಿಯ ಶಾಲೆಗೇ ಹೊರಟೆವು. ಅಕ್ಕ ದಿನಾ ಉಡುವ ಸೀರೆಯಲ್ಲೇ ಇದ್ದಳು, ಸೊಂಟದ ಮೇಲೆ ಮಗು. ಗಿರಣಿ ಮುಂದೆ ರಾಗಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು, "ಎಲ್ಗೆ ಸಾವಿತ್ರವ್ವ?" ಅಂದಳು.

ಊರ ತುಂಬ ಲಗ್ನಗಳಿದ್ದ ತಿಂಗಳು. ಮದುವೆ ಅಂದಿದ್ದರೆ ಯಾರೂ ಹುಬ್ಬು ಏರಿಸುತ್ತಿರಲಿಲ್ಲ.

"ಮನಸಿನ್ ಡಾಕ್ಟ್ರ ತಾವ್ಕೆ" ಅಂದಳು ಅಕ್ಕ, ನಡೆಯುತ್ತಲೇ.

ನೀವು ಯಾವ ಮದುವೆಯ ಹೆಸರು ಹೇಳಿ, ಎಲ್ಲಿಗೆ ಹೋಗಿದ್ದಿರಿ? ಅಲ್ಲಿ ಯಾರು ಸಿಕ್ಕಿದರು? ಕೆಳಗೆ ಬರೆಯಿರಿ. ಓದುವವರಲ್ಲಿ ಯಾರೋ ಒಬ್ಬರು ನಾಳೆ ಬೆಳಿಗ್ಗೆ ರೇಷ್ಮೆ ಸೀರೆ ತೆಗೆದಿಟ್ಟು ಕೂತಿರಬಹುದು.